ಪಿಟ್ ಇರೋ ಮನೆಯಲ್ಲಿ ಡಾರ್ಕ್‌ರೂಮ್: ಬಳಸಿದ ಡೆವಲಪರ್, ಹೈಪೊ ಎಲ್ಲಿಗೆ ಹಾಕೋದು?

ಕೆಂಪುದೀಪ:

ಎಲ್ಲರಿಗೂ ನಮಸ್ಕಾರ. ಬ್ಲ್ಯಾಕ್ ಅಂಡ್ ವೈಟ್ ಫಿಲ್ಮ್ ತೊಳೆಯೋದು, ಪ್ರಿಂಟ್ ಹಾಕೋದು ಎರಡೂ ಮನೆಯಲ್ಲೇ. ಜಾಗ ಮೇಲ್ಮಹಡಿಯ ಬಚ್ಚಲು: 6 ಅಡಿಗೆ 8 ಅಡಿ, ಎತ್ತರ 9 ಅಡಿ. ಮೈಸೂರಿನ ಹೊರವಲಯದ ಬಡಾವಣೆ, ಇನ್ನೂ ಯುಜಿಡಿ (ಒಳಚರಂಡಿ) ಬಂದಿಲ್ಲ. ಸೆಪ್ಟಿಕ್ ಟ್ಯಾಂಕ್ ಇದೆ, ಅದರ ನೀರು ಪಕ್ಕದ ಇಂಗುಗುಂಡಿಗೆ (ಪಿಟ್) ಹೋಗುತ್ತೆ. ಬೋರ್‌ವೆಲ್ ಅಲ್ಲಿಂದ ಸುಮಾರು 40 ಅಡಿ.

ಈಗ ಕ್ಯಾನ್‌ಗಳಲ್ಲಿ ಕೂತಿರೋದು ಇಷ್ಟು:

ಬಳಸಿದ ಡಿ-76 (ಫಿಲ್ಮ್‌ನಲ್ಲಿ ಚಿತ್ರ ಮೂಡಿಸೋ ಡೆವಲಪರ್), 8 ಲೀಟರ್. ಪೇಪರ್ ಡೆವಲಪರ್ ಡಿ-72 (1:2 ಬೆರೆಸಿದ್ದು) 3 ಲೀಟರ್, ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಡೆವಲಪರ್ ಕೆಲಸ ನಿಲ್ಲಿಸೋ ಅಸಿಟಿಕ್ ಆಸಿಡ್ ಸ್ಟಾಪ್ ಬಾತ್ 2 ಲೀಟರ್. ರ್‍ಯಾಪಿಡ್ ಫಿಕ್ಸರ್ (ಅಮೋನಿಯಂ ಥಯೋಸಲ್ಫೇಟ್; ಫಿಲ್ಮಿನಲ್ಲಿ ಉಳಿದ ಬೆಳ್ಳಿ ಲವಣ ಕರಗಿಸೋ ದ್ರಾವಣ, ಹೈಪೊ ಅನ್ನೋದೂ ಇದನ್ನೇ) 6 ಲೀಟರ್, ಲೀಟರಿಗೆ 20 ರೋಲ್ ಲೆಕ್ಕದಲ್ಲಿ ಬಳಸಿದ್ದು. ಪ್ರಿಂಟಿನ ಬಣ್ಣ, ಬಾಳಿಕೆಗೆ ಹಾಕೋ ಸೆಲೆನಿಯಂ ಟೋನರ್ ಅರ್ಧ ಲೀಟರ್. ಇವುಗಳ ಜೊತೆ ಮುಚ್ಚಿದ ಸ್ಟುಡಿಯೊ ಒಂದರ ಎರಡು ಡಬ್ಬ: ಪೊಟ್ಯಾಸಿಯಂ ಡೈಕ್ರೊಮೇಟ್ 100 ಗ್ರಾಂ, ಪೊಟ್ಯಾಸಿಯಂ ಫೆರಿಸಯನೈಡ್ 100 ಗ್ರಾಂ.

ಪ್ರಶ್ನೆಗಳು:

1. ಎಲ್ಲ ದ್ರಾವಣಗಳನ್ನೂ ಒಂದೇ ಡ್ರಮ್ಮಿಗೆ ಸುರಿದು, ಒಂದು ಹಿಡಿ ಬ್ಲೀಚಿಂಗ್ ಪೌಡರ್ ಹಾಕಿ, ಟಾಯ್ಲೆಟ್‌ಗೆ ಬಿಟ್ಟು ಜೋರಾಗಿ ನೀರು ಹಾಕಿದರೆ ಸಾಕಾ?
2. ಪಾತ್ರೆ ಉಜ್ಜೋ ಸ್ಟೀಲ್ ಸ್ಕ್ರಬ್ಬರ್ ಹಾಕಿದರೆ ಫಿಕ್ಸರ್‌ನಿಂದ ಬೆಳ್ಳಿ ಇಳಿಯುತ್ತೆ ಅಂತಾರೆ, ನಿಜವಾ?
3. ಇಷ್ಟು ಸಣ್ಣ ಕೋಣೆಗೆ ಎಂಥ ಎಕ್ಸಾಸ್ಟ್ ಫ್ಯಾನ್ ಬೇಕು? ಗ್ಲೌಸ್ ಯಾವುದು?

ಹೈಪೊಡಬ್ಬ:

ಮೊದಲು ಆ ಬ್ಲೀಚಿಂಗ್ ಪೌಡರ್ ಡಬ್ಬ ಕೆಳಗಿಡಿ ಸಾರ್. ಒಂದನೇ ಪ್ರಶ್ನೆಗೆ ಉತ್ತರ: ಬೇಡವೇ ಬೇಡ. ಡ್ರಮ್ಮಿನೊಳಗೆ ಯಾವುದು ಯಾವುದರ ಜೊತೆ ಸೇರಿದರೆ ಏನಾಗುತ್ತೆ ನೋಡಿ.

ಡಿ-72ರಲ್ಲಿ ಸೋಡಿಯಂ ಕಾರ್ಬೊನೇಟ್ ಇದೆ, ಅದರ ಪಿಎಚ್ 10ರ ಆಸುಪಾಸು. ಅಮೋನಿಯಂ ಫಿಕ್ಸರ್‌ಗೆ ಅದು ಬಿದ್ದ ಕೂಡಲೇ ಅಮೋನಿಯಾ ಬಿಡುಗಡೆಯಾಗುತ್ತೆ. ಮುಚ್ಚಿದ ಬಚ್ಚಲಲ್ಲಿ ಕಣ್ಣು ಬಿಡೋಕಾಗಲ್ಲ.

ಫಿಕ್ಸರ್‌ಗೆ ಆಸಿಡ್ ಹೆಚ್ಚಾದರೆ ಥಯೋಸಲ್ಫೇಟ್ ಒಡೆಯುತ್ತೆ. ದ್ರಾವಣ ಮೊದಲು ಮಬ್ಬಾಗಿ, ಆಮೇಲೆ ಹಾಲಿನ ಹಾಗೆ ಬೆಳ್ಳಗಾಗಿ, ತಳದಲ್ಲಿ ತಿಳಿ ಹಳದಿ ಗಂಧಕ ಕೂರುತ್ತೆ. ಮೇಲೆ ಸಲ್ಫರ್ ಡೈ ಆಕ್ಸೈಡ್ ಏಳುತ್ತೆ. ಬೆಂಕಿಕಡ್ಡಿ ಗೀರಿದಾಗ ಬರೋ ವಾಸನೆ ಅದು. ಆಸ್ತಮಾ ಇದ್ದವರಿಗೆ ಸ್ವಲ್ಪವೇ ಸಾಕು, ಎದೆ ಹಿಡಿದುಕೊಳ್ಳುತ್ತೆ. ನಮ್ಮ ಮನೆಗಳಲ್ಲಿ ಟಾಯ್ಲೆಟ್‌ಗೆ ಹಾಕೋ ಕ್ಲೀನರ್‌ಗಳಲ್ಲಿ ಬಹುಪಾಲು ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತೆ ಅನ್ನೋದು ಇಲ್ಲಿ ಮುಖ್ಯ. ನೀವು ಫಿಕ್ಸರ್ ಸುರಿದು ಬಂದಿರ್ತೀರಿ, ಮನೆಯವರು ಹೋಗಿ ಕ್ಲೀನರ್ ಹಾಕ್ತಾರೆ.

ಬ್ಲೀಚಿಂಗ್ ಪೌಡರ್ ಎಲ್ಲಕ್ಕಿಂತ ಕೆಟ್ಟದ್ದು. ಅಮೋನಿಯಂ ಜೊತೆ ಸೇರಿ ಕ್ಲೋರಮೈನ್ ಅನಿಲ, ಆಸಿಡ್ ಜೊತೆ ಕ್ಲೋರಿನ್. ಥಯೋಸಲ್ಫೇಟ್ ಜೊತೆಗಂತೂ ಬಿಸಿ ಏರುವಷ್ಟು ಜೋರಾಗಿ ವರ್ತಿಸುತ್ತೆ. ವಾಸನೆ ಕೊಲ್ಲೋಕೆ ಅಂತ ಹಾಕಿದ್ದು ಉಸಿರಿಗೇ ಬರುತ್ತೆ.

ಹಾಗಾಗಿ ಕ್ಯಾನ್ ಬೇರೆ ಬೇರೆ: ಡೆವಲಪರ್ ಒಂದು, ಫಿಕ್ಸರ್ ಒಂದು, ಉಳಿದ ವಿಷದ ಸಾಮಾನು ಒಂದೊಂದೂ ಬೇರೆ. ಸ್ಟಾಪ್ ಬಾತ್ ಮಾತ್ರ ಡೆವಲಪರ್ ಕಡೆ ಸೇರಬಹುದು, ಅದೂ ಬಯಲಲ್ಲಿ, ಸ್ವಲ್ಪ ಸ್ವಲ್ಪವಾಗಿ, ಪಿಎಚ್ ಪೇಪರ್ ಅದ್ದಿ ನೋಡ್ತಾ. 7–8ಕ್ಕೆ ಬಂದ ತಕ್ಷಣ ನಿಲ್ಲಿಸಿ. ಡೆವಲಪರ್‌ನಲ್ಲಿ ಸಲ್ಫೈಟ್ ತುಂಬಾ ಇರೋದರಿಂದ ಆಸಿಡ್ ಅತಿಯಾದರೆ ಅಲ್ಲೂ ಅದೇ ಬೆಂಕಿಕಡ್ಡಿ ವಾಸನೆ. ಡಿ-76ಗೆ ಈ ತೊಂದರೆ ಬೇಡ, ಅದು ಹೆಚ್ಚುಕಡಿಮೆ 8.5ರಲ್ಲೇ ಇರುತ್ತೆ. ಡಿ-72ಗೆ ಮಾತ್ರ ಬೇಕು. ಮಿಕ್ಕ ಸ್ಟಾಪ್ ಬಾತ್‌ಗೆ ನೊರೆ ನಿಲ್ಲುವ ತನಕ ಅಡುಗೆ ಸೋಡಾ ಹಾಕಿ. ಆಮೇಲೆ ಅದು ನಿರುಪದ್ರವಿ.

ಈಗ ಬೆಳ್ಳಿ. ಸ್ಕ್ರಬ್ಬರ್ ವಿಷಯ ಅರ್ಧ ನಿಜ. ಕೆಲಸ ಮಾಡೋದು ಕಬ್ಬಿಣ, ಸ್ಟೇನ್‌ಲೆಸ್ ಅಲ್ಲ. ದ್ರಾವಣದ ಬೆಳ್ಳಿ ಹೊರಗೆ ಬಂದು ಆ ಜಾಗಕ್ಕೆ ಕಬ್ಬಿಣ ಕರಗಿ ಹೋಗಬೇಕು. ತುಕ್ಕೇ ಹಿಡಿಯದ ಲೋಹ ಕರಗೋದಿಲ್ಲ. ಅಡುಗೆಮನೆಯ ಗುಂಗುರು ಸ್ಕ್ರಬ್ಬರ್ ಬಹುತೇಕ ಸ್ಟೇನ್‌ಲೆಸ್. ಅಯಸ್ಕಾಂತ ಹಿಡಿದು ನೋಡ್ತೀನಿ ಅನ್ನಬೇಡಿ, ಸ್ಟೇನ್‌ಲೆಸ್‌ನಲ್ಲೂ ಅಯಸ್ಕಾಂತಕ್ಕೆ ಅಂಟುವ ಜಾತಿ ಇದೆ. ಒಂದು ತುಂಡನ್ನ ಉಪ್ಪುನೀರಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕೆಂಪಗೆ ತುಕ್ಕು ಹಿಡಿದಿದ್ದರೆ ಅದು ಆಗುತ್ತೆ. ಪೇಂಟ್ ಅಂಗಡಿಯಲ್ಲಿ ಮರದ ಪಾಲಿಶ್‌ಗೆ ಸಿಗೋ ಸ್ಟೀಲ್ ವೂಲ್, ನಾಲ್ಕು ಸೊನ್ನೆ ಗ್ರೇಡ್, ಇದಕ್ಕೆ ಹೇಳಿ ಮಾಡಿಸಿದ್ದು. ಅದಕ್ಕೆ ಎಣ್ಣೆ ಸವರಿರುತ್ತಾರೆ, ಪಾತ್ರೆ ಸೋಪಿನಲ್ಲಿ ತೊಳೆದು ಬಳಸಿ.

ಲೆಕ್ಕ ಹೀಗೆ. ನೀವು ಬಳಸಿದ ಪ್ರಮಾಣಕ್ಕೆ ಲೀಟರಿಗೆ ಸುಮಾರು 4 ಗ್ರಾಂ ಬೆಳ್ಳಿ ಅಂತಿಟ್ಟುಕೊಂಡರೆ 6 ಲೀಟರಿನಲ್ಲಿ 24 ಗ್ರಾಂ. ರಸಾಯನಶಾಸ್ತ್ರದ ಪ್ರಕಾರ 216 ಗ್ರಾಂ ಬೆಳ್ಳಿಗೆ 56 ಗ್ರಾಂ ಕಬ್ಬಿಣ, ಅಂದರೆ ನಿಮಗೆ ಸುಮಾರು ಆರೂಕಾಲು ಗ್ರಾಂ. ಆದರೆ ಅರ್ಧಕ್ಕರ್ಧ ಕಬ್ಬಿಣ ಆಸಿಡ್‌ನಲ್ಲೇ ಕರಗಿ ವ್ಯರ್ಥವಾಗುತ್ತೆ, ಮೇಲ್ಮೈ ಮುಚ್ಚಿಹೋಗುತ್ತೆ. 40 ಗ್ರಾಂ ಹಾಕಿ.

ಫಿಕ್ಸರ್ ಅನ್ನು ಪ್ಲಾಸ್ಟಿಕ್ ಬಕೆಟ್‌ಗೆ ಹಾಕಿ ಪಿಎಚ್ ನೋಡಿ. 5ರಿಂದ 6 ಇರಬೇಕು. ಅದಕ್ಕಿಂತ ಹುಳಿಯಾಗಿದ್ದರೆ ಕಬ್ಬಿಣ ಬೇಗ ತಿಂದುಹೋಗುತ್ತೆ. 7 ದಾಟಿದ್ದರೆ (ಕೆಲವು ಫಿಕ್ಸರ್ ಕ್ಷಾರೀಯ) ಕ್ರಿಯೆ ನಿಂತೇಬಿಡುತ್ತೆ; ಆಗ ವಿನಿಗರ್ ಸ್ವಲ್ಪ ಸ್ವಲ್ಪ ಬಿಟ್ಟು ಇಳಿಸಿ. ಸ್ಟೀಲ್ ವೂಲ್ ಅನ್ನು ಉಂಡೆಯಾಗಿ ಹಾಕಬೇಡಿ, ಹತ್ತಿ ಹಿಂಜಿದ ಹಾಗೆ ಹಿಂಜಿ ಪೂರ್ತಿ ಮುಳುಗಿಸಿ. ಮುಚ್ಚಳ ಬಿಗಿ ಬೇಡ, ಸ್ವಲ್ಪ ಹೈಡ್ರೋಜನ್ ಬರುತ್ತೆ. ದಿನಕ್ಕೊಮ್ಮೆ ಕೋಲಿನಲ್ಲಿ ಕದಡಿ. ಮೊದಲ ದಿನ ಎಳೆಗಳು ಬೂದು ಬಣ್ಣಕ್ಕೆ ತಿರುಗುತ್ತವೆ, ಎರಡು–ಮೂರು ದಿನಕ್ಕೆ ಮುಟ್ಟಿದರೆ ಪುಡಿಯಾಗೋ ಹಾಗಾಗಿ ಕಪ್ಪು ಕೆಸರು ತಳ ಸೇರುತ್ತೆ. ಆ ಕೆಸರೇ ಬೆಳ್ಳಿ.

ಒಂದೇ ಬಕೆಟ್‌ನಲ್ಲಿ ಪೂರ್ತಿ ಇಳಿಯೋದಿಲ್ಲ. ಮೇಲಿನ ತಿಳಿಯನ್ನು ಎರಡು ಪದರ ಪಂಚೆ ಬಟ್ಟೆಯಲ್ಲಿ ಸೋಸಿ ಎರಡನೇ ಬಕೆಟ್‌ಗೆ ಹಾಕಿ, ಹೊಸದಾಗಿ 20 ಗ್ರಾಂ ಹಿಂಜಿದ ವೂಲ್, ಇನ್ನೆರಡು ದಿನ.

ಯೂಟ್ಯೂಬ್ ನೋಡಿ 12 ವೋಲ್ಟ್ ಚಾರ್ಜರ್‌ಗೆ ಎರಡು ಸ್ಪೂನ್ ಕಟ್ಟಿ ಬೆಳ್ಳಿ ತೆಗೆಯೋಕೆ ಹೋಗಬೇಡಿ. ವಿದ್ಯುತ್ತಿನಲ್ಲಿ ಬೆಳ್ಳಿ ಇಳಿಸೋ ವಿಧಾನ ಇದೆ, ಆದರೆ ಅದಕ್ಕೆ ಗ್ರಾಫೈಟ್ ಕಡ್ಡಿ, ಒಂದೆರಡು ವೋಲ್ಟ್, ಸದಾ ಕಲಕುವ ವ್ಯವಸ್ಥೆ ಬೇಕು. ಕರೆಂಟ್ ಹೆಚ್ಚಾದ ಗಳಿಗೆಯಲ್ಲೇ ಥಯೋಸಲ್ಫೇಟ್ ಒಡೆದು ಬೆಳ್ಳಿ ಸಲ್ಫೈಡ್ ಆಗಿ ಕಪ್ಪಾಗುತ್ತೆ, ಕೊಳೆತ ಮೊಟ್ಟೆ ವಾಸನೆ ಶುರುವಾಗುತ್ತೆ. ಅದು ಹೈಡ್ರೋಜನ್ ಸಲ್ಫೈಡ್.

ಇಂಗುಗುಂಡಿ:

ಮೇಲಿನವರು ಹೇಳಿದ್ದು ಸರಿ. ಪಿಟ್ ಬಗ್ಗೆ ನಾನು ಹೇಳುತ್ತೇನೆ, ಇಲ್ಲಿ ಇಡೀ ಪ್ರಶ್ನೆ ನಿಂತಿರುವುದೇ ಅದರ ಮೇಲೆ.

ಯುಜಿಡಿ ಇರುವ ಮನೆಯಲ್ಲಿ ಬೆಳ್ಳಿ ತೆಗೆದ ಫಿಕ್ಸರ್ ಮತ್ತು ಬಳಸಿದ ಡೆವಲಪರ್ ದಿನಕ್ಕೆ ಒಂದೊಂದು ಲೀಟರ್ ಧಾರಾಳ ನೀರಿನ ಜೊತೆ ಹೋದರೆ ಸಂಸ್ಕರಣಾ ಘಟಕ ಅದನ್ನು ಅರಗಿಸಿಕೊಳ್ಳುತ್ತದೆ. ಸಾವಿರಾರು ಮನೆಗಳ ನೀರಿನಲ್ಲಿ ಅದು ಲೆಕ್ಕಕ್ಕಿಲ್ಲ. ಸೆಪ್ಟಿಕ್ ಟ್ಯಾಂಕ್ ಹಾಗಲ್ಲ. ಒಂದು ಮನೆಯ ಒಂದೆರಡು ಸಾವಿರ ಲೀಟರಿನ ತೊಟ್ಟಿ, ಅದರೊಳಗಿನ ಸೂಕ್ಷ್ಮಜೀವಿಗಳೇ ಕೆಲಸದವರು. ಡೆವಲಪರ್‌ನಲ್ಲಿರುವ ಹೈಡ್ರೋಕ್ವಿನೋನ್ ಅವುಗಳಿಗೆ ವಿಷ. ಗಂಧಕದ ಲವಣಗಳನ್ನು ಆಮ್ಲಜನಕ ಇಲ್ಲದ ಆ ತೊಟ್ಟಿಯ ಜೀವಿಗಳು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಬೆಳ್ಳಿ ಬಹುಪಾಲು ಸಲ್ಫೈಡ್ ಆಗಿ ತಳದ ಕೆಸರಿನಲ್ಲಿ ಕೂರುತ್ತದೆ. ಕೂತರೆ ಒಳ್ಳೆಯದಲ್ಲವೇ ಎನ್ನಬಹುದು. ಆ ಕೆಸರನ್ನು ಸಕ್ಕಿಂಗ್ ಗಾಡಿಯವರು ಎಳೆದುಕೊಂಡು ಹೋಗಿ ಎಲ್ಲಿ ಬಿಡುತ್ತಾರೆ ನೆನಪಿಸಿಕೊಳ್ಳಿ: ಊರ ಹೊರಗಿನ ಬಾಳೆ, ತೆಂಗಿನ ತೋಟಗಳಿಗೆ ಗೊಬ್ಬರವಾಗಿ ಹೋಗುವುದುಂಟು. ಕರಗಿದ ಭಾಗವೋ ಇಂಗುಗುಂಡಿಯಿಂದ ನೇರ ನೆಲಕ್ಕೆ. ನಿಮ್ಮ ಬೋರ್‌ವೆಲ್ 40 ಅಡಿ ದೂರ. ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಬೆಳ್ಳಿಗೆ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ನಿಮ್ಮ ಫಿಕ್ಸರ್‌ನಲ್ಲಿರುವುದು ಅದರ 40,000 ಪಟ್ಟು.

ಹಾಗೆಂದು ರಸ್ತೆಬದಿಯ ಚರಂಡಿಗೂ ಸುರಿಯಬೇಡಿ. ಅದು ಮಳೆನೀರಿನ ದಾರಿ, ಸಂಸ್ಕರಣಾ ಘಟಕಕ್ಕೆ ಹೋಗುವುದಿಲ್ಲ, ನೇರ ಕೆರೆಗೆ ಹೋಗುತ್ತದೆ. ಸಲ್ಫೈಟ್ ಮತ್ತು ಥಯೋಸಲ್ಫೇಟ್ ನೀರಿನ ಆಮ್ಲಜನಕ ಹೀರುತ್ತವೆ, ಮೀನು ಸಾಯಲು ಅಷ್ಟು ಸಾಕು.

ಪಿಟ್ ಇರುವವರಿಗೆ ಉಳಿಯುವ ದಾರಿ ನೀರನ್ನು ಆರಿಸುವುದು. 8 ಲೀಟರ್ ಡಿ-76ರಲ್ಲಿ ನಿಜವಾಗಿ ಕರಗಿರುವ ವಸ್ತು 870 ಗ್ರಾಂ ಅಷ್ಟೆ, ಅದರಲ್ಲಿ 800 ಗ್ರಾಂ ಸೋಡಿಯಂ ಸಲ್ಫೈಟೇ. ಮಿಕ್ಕಿದ್ದು ನೀರು. 2 ಅಡಿಗೆ 3 ಅಡಿಯ ಪ್ಲಾಸ್ಟಿಕ್ ಟ್ರೇ ಒಂದನ್ನು ತಾರಸಿಯಲ್ಲಿ ಶೀಟಿನ ಕೆಳಗೆ, ಗಾಳಿಯಾಡುವ ಕಡೆ ಇಡಿ. ಮೇಲೆ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನು ಬಿಗಿದು ಕಟ್ಟಿ, ಕಾಗೆ, ಬೆಕ್ಕು ಬಾಯಿ ಹಾಕಬಾರದು. ಮಾರ್ಚ್–ಏಪ್ರಿಲ್‌ನಲ್ಲಿ ದಿನಕ್ಕೆ 2ರಿಂದ 3 ಲೀಟರ್ ಆರುತ್ತದೆ. ಗಟ್ಟಿಯಾಗುತ್ತಾ ಬಂದಂತೆ ನಿಧಾನ. ಮಳೆಗಾಲದಲ್ಲಿ ಈ ಕೆಲಸ ಆಗದು, ಆ ನಾಲ್ಕು ತಿಂಗಳು ಕ್ಯಾನಿನಲ್ಲೇ ಕೂಡಿಡಿ. ಒಲೆಯ ಮೇಲೆ ಕಾಯಿಸಿ ಆರಿಸುವ ಉಪಾಯ ಮಾತ್ರ ಬೇಡ, ಆವಿ ಮನೆ ತುಂಬುತ್ತದೆ.

ಪೂರ್ತಿ ಪುಡಿಯಾಗಲು ಬಿಡಬೇಡಿ. ಗಂಜಿಯ ಹದಕ್ಕೆ ಬಂದಾಗ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಕ್ಕೆ ಬಳಿದು ಹಾಕಿ ಮುಚ್ಚಿ. ಒಣಗಿದ ಡೆವಲಪರ್ ಪುಡಿ ಗಾಳಿಗೆ ಹಾರಿದರೆ ಇಷ್ಟೆಲ್ಲ ಮಾಡಿದ್ದು ದಂಡ. ಡೆವಲಪರ್‌ಗೂ ಫಿಕ್ಸರ್‌ಗೂ ಟ್ರೇ ಬೇರೆ ಬೇರೆ. ಡಬ್ಬದ ಮೇಲೆ ಒಳಗೇನಿದೆ ಎಂದು ಕನ್ನಡದಲ್ಲೇ ಬರೆಯಿರಿ, ಎತ್ತಿಕೊಂಡು ಹೋಗುವ ಪೌರಕಾರ್ಮಿಕರು ಓದಬೇಕಾದ್ದು ಅದು. ಘನತ್ಯಾಜ್ಯ ನಿರ್ವಹಣಾ ನಿಯಮಗಳು 2016ರಲ್ಲೇ ಹಸಿ, ಒಣ ಕಸದ ಜೊತೆಗೆ ಮನೆಯ ಅಪಾಯಕಾರಿ ತ್ಯಾಜ್ಯ ಎಂಬ ಮೂರನೇ ವಿಂಗಡಣೆ ಬಂತು. ಹಳೆಯ ಬ್ಯಾಟರಿ, ಟ್ಯೂಬ್‌ಲೈಟ್, ಪೇಂಟ್ ಡಬ್ಬಗಳ ಸಾಲಿನಲ್ಲಿ ಇದನ್ನೂ ಕೊಡಬೇಕು, ಹಸಿ ಕಸದ ಬಕೆಟ್‌ಗೆ ತಳ್ಳುವಂತಿಲ್ಲ.

ತೊಳೆದ ನೀರಿನ ಬಗ್ಗೆ ಒಂದು ಮಾತು. ಫಿಕ್ಸ್ ಆದ ಮೇಲೆ ಫಿಲ್ಮ್ ತೊಳೆಯುವ ಟ್ಯಾಂಕಿಗೆ ತುಂಬುವ ಮೊದಲ ನೀರಿನಲ್ಲೇ ಅಂಟಿಬಂದ ಬೆಳ್ಳಿಯ ಬಹುಪಾಲು ಇರುತ್ತದೆ. ನಲ್ಲಿ ಬಿಟ್ಟು ಅರ್ಧ ಗಂಟೆ ತೊಳೆಯುವ ಬದಲು ತುಂಬಿ–ಚೆಲ್ಲುವ ಇಲ್‌ಫರ್ಡ್ ಪದ್ಧತಿ ಹಿಡಿಯಿರಿ: ನೀರು ತುಂಬಿ 5 ಸಲ ಮಗುಚಿ ಚೆಲ್ಲುವುದು, ಮತ್ತೆ ತುಂಬಿ 10 ಸಲ, ಮತ್ತೆ 20 ಸಲ. ಮೊದಲ ತುಂಬಿನ ನೀರು ಫಿಕ್ಸರ್ ಕ್ಯಾನಿಗೆ. ಉಳಿದೆರಡು ಪಿಟ್‌ಗೆ ಹೋದರೆ ಚಿಂತೆಯಿಲ್ಲ.

ತೆಂಗಿನಗರಿ:

ಇಷ್ಟೆಲ್ಲ ಕಷ್ಟ ಯಾಕೆ? ಅಮೋನಿಯಂ ಥಯೋಸಲ್ಫೇಟ್ ಅನ್ನು ದ್ರವ ಗೊಬ್ಬರವಾಗಿಯೇ ಮಾರುತ್ತಾರೆ, 12% ಸಾರಜನಕ, 26% ಗಂಧಕ. ಬೆಳ್ಳಿ ತೆಗೆದ ಮೇಲೆ ಒಂದಕ್ಕೆ ಇಪ್ಪತ್ತು ನೀರು ಬೆರೆಸಿ ತೆಂಗಿನ ಬುಡಕ್ಕೆ ಹಾಕಿದರೆ ಆಯ್ತಲ್ಲ. ಉಳಿದದ್ದಕ್ಕೆ ಸಿಮೆಂಟ್ ಕಲಸಿ ಇಟ್ಟಿಗೆ ಮಾಡಿ ಬಿಸಾಕಿ.

ಹೈಪೊಡಬ್ಬ:

ಗೊಬ್ಬರದ ಮಾತು ಸುಳ್ಳಲ್ಲ ಸ್ವಾಮಿ, ಆದರೆ ಗೊಬ್ಬರದ ಥಯೋಸಲ್ಫೇಟ್ ಫಿಲ್ಮ್ ತೊಳೆದು ಬಂದದ್ದಲ್ಲ. ಬಕೆಟ್ ವಿಧಾನದಲ್ಲಿ ಎಷ್ಟೇ ಜಾಗ್ರತೆ ಮಾಡಿದರೂ ಲೀಟರಿಗೆ ಕೆಲವು ಮಿಲಿಗ್ರಾಂ ಬೆಳ್ಳಿ ಉಳಿದೇ ಉಳಿಯುತ್ತೆ. ಹಾರ್ಡನರ್ (ಫಿಲ್ಮಿನ ಪದರ ಗಟ್ಟಿ ಮಾಡೋ ವಸ್ತು) ಇರೋ ಫಿಕ್ಸರ್ ಆದರೆ ಅಲ್ಯೂಮಿನಿಯಂ ಲವಣ ಬೇರೆ. ವರ್ಷಾನುಗಟ್ಟಲೆ ಅದೇ ಬುಡಕ್ಕೆ ಹಾಕ್ತಾ ಹೋದರೆ ಅಲ್ಲೇ ಶೇಖರಣೆ. ಅದೂ ಬೋರ್‌ವೆಲ್ 40 ಅಡಿ ದೂರದಲ್ಲಿ, ಅದೇ ತೆಂಗಿನ ಎಳನೀರು ಕುಡಿಯೋ ಮನೆಯಲ್ಲಿ.

ಸಿಮೆಂಟ್ ಅಂತೂ ಬೇಡ. ಕಲಸಿದ ಸಿಮೆಂಟ್ ಕಟು ಕ್ಷಾರ, ಪಿಎಚ್ 12ರ ಮೇಲೆ. ಅಮೋನಿಯಂ ಫಿಕ್ಸರ್ ಬಿದ್ದರೆ ಅಮೋನಿಯಾ ಒಂದೇ ಸಲಕ್ಕೆ ಮುಖಕ್ಕೆ ರಾಚುತ್ತೆ. ಹಳೇ ಕಾಲದ ಹರಳು ಹೈಪೊ (ಸೋಡಿಯಂ ಥಯೋಸಲ್ಫೇಟ್) ಆಗಿದ್ದರೆ ಈ ವಾಸನೆ ಬರಲ್ಲ, ಆದರೂ ಲಾಭವೇನೂ ಇಲ್ಲ.

ಕ್ಯಾನ್ ತುಂಬುವ ವೇಗ ಕಡಿಮೆ ಮಾಡೋದು ಇದೆಲ್ಲಕ್ಕಿಂತ ಸುಲಭ. ಎರಡು ಫಿಕ್ಸರ್ ಇಟ್ಟುಕೊಳ್ಳಿ. ಫಿಲ್ಮ್ ಮೊದಲು ಹಳೆಯದರಲ್ಲಿ, ಆಮೇಲೆ ಹೊಸದರಲ್ಲಿ. ಬೆಳ್ಳಿಯೆಲ್ಲ ಮೊದಲನೆಯದು ಹೊರುತ್ತೆ, ಎರಡನೆಯದು ಕೊನೆಯ ಚೂರುಪಾರು ತೆಗೆಯುತ್ತೆ. ಮೊದಲನೆಯದು ದಣಿದಾಗ ಅದು ಕ್ಯಾನಿಗೆ, ಎರಡನೆಯದು ಅದರ ಜಾಗಕ್ಕೆ. ದಣಿದಿದೆಯಾ ಅಂತ ನೋಡೋಕೆ ಫಿಲ್ಮ್ ಲೀಡರ್ (ರೋಲಿನ ಮೊದಲ ತುದಿ) ತುಂಡು ಸಾಕು: ಹೊಸ ಫಿಕ್ಸರ್‌ನಲ್ಲಿ ಎಷ್ಟು ಸೆಕೆಂಡಿಗೆ ಪಾರದರ್ಶಕವಾಯ್ತು ಬರೆದಿಟ್ಟುಕೊಳ್ಳಿ, ಅದರ ಎರಡರಷ್ಟು ಹಿಡಿದ ದಿನ ಅದರ ಕೆಲಸ ಮುಗೀತು. ಪ್ರಿಂಟ್‌ಗೆ ಈ ಪರೀಕ್ಷೆ ನಡೆಯಲ್ಲ, ಅಲ್ಲಿ ಬೆಳ್ಳಿ ಇದಕ್ಕಿಂತ ತುಂಬಾ ಕಡಿಮೆ ಇರುವಾಗಲೇ ಫಿಕ್ಸರ್ ಬದಲಿಸಬೇಕು. ಹಾಗಾಗಿ ಫಿಲ್ಮ್‌ಗೂ ಪೇಪರ್‌ಗೂ ಒಂದೇ ಬಾಟಲಿ ಬಳಸಬೇಡಿ.

ಇನ್‌ಸ್ಟಂಟ್ ಕಾಫಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಹಾಕಿ ಮಾಡೋ ಕೆಫಿನಾಲ್ ಬಗ್ಗೆ ಯಾರಾದರೂ ಹೇಳೇ ಹೇಳ್ತಾರೆ, ಪರಿಸರಸ್ನೇಹಿ ಅಂತ. ಡೆವಲಪರ್ ಮಟ್ಟಿಗೆ ನಿಜ. ಆದರೆ ಆಮೇಲೆ ಅದೇ ಫಿಕ್ಸರ್, ಅದೇ ಬೆಳ್ಳಿ. ಕಾಫಿಪುಡಿ ಬೆಳ್ಳಿಯನ್ನ ಮಾಯ ಮಾಡಲ್ಲ.

ತೂಕದಕಲ್ಲು:

ಮೂರನೇ ಪ್ರಶ್ನೆಯನ್ನು ಎಲ್ಲರೂ ಬಿಟ್ಟಿದ್ದಾರೆ.

ಫ್ಯಾನ್: ಡಾರ್ಕ್‌ರೂಮಿನ ಗಾಳಿ ಗಂಟೆಗೆ 10 ಸಲ ಪೂರ್ತಿ ಬದಲಾಗಬೇಕು ಎನ್ನುವುದು ರೂಢಿಯ ಲೆಕ್ಕ. 6 × 8 × 9 ಅಂದರೆ 432 ಘನ ಅಡಿ, ಹತ್ತರಷ್ಟು 4,320, ಅಂದರೆ ಗಂಟೆಗೆ ಸುಮಾರು 122 ಘನ ಮೀಟರ್. ಬಚ್ಚಲಿಗೆ ಸಿಗುವ 6 ಇಂಚಿನ ಫ್ಯಾನಿನ ಡಬ್ಬದ ಮೇಲೆ ಇದಕ್ಕಿಂತ ಜಾಸ್ತಿಯೇ ಬರೆದಿರುತ್ತದೆ. ತೊಂದರೆ ಫ್ಯಾನಿನದ್ದಲ್ಲ, ಗಾಳಿ ಒಳಗೆ ಬರುವ ದಾರಿಯದ್ದು. ಬೆಳಕು ಬರಬಾರದೆಂದು ಬಾಗಿಲ ಸಂದಿಗೆಲ್ಲ ಬಟ್ಟೆ ತುರುಕಿದರೆ ಫ್ಯಾನ್ ಸುಮ್ಮನೆ ಸುತ್ತುತ್ತದೆ. ಬಾಗಿಲ ಕೆಳಭಾಗದಲ್ಲಿ ಒಳಗೆಲ್ಲ ಕಪ್ಪು ಬಳಿದ, ಎರಡು ಬಾರಿ ತಿರುಗುವ ಹಲಗೆಯ ಗೂಡು ಮಾಡಿಸಿ; ಗಾಳಿ ತಿರುಗುತ್ತದೆ, ಬೆಳಕು ತಿರುಗುವುದಿಲ್ಲ. ಫ್ಯಾನ್ ಟ್ರೇಗಳ ಹಿಂದೆ, ಟ್ರೇ ಮಟ್ಟದಿಂದ ಒಂದಡಿ ಮೇಲೆ ಇದ್ದರೆ ಆವಿ ನಿಮ್ಮ ಮೂಗು ದಾಟದೆ ಹೊರಹೋಗುತ್ತದೆ. ಚಾವಣಿಯ ಹತ್ತಿರ ಇಟ್ಟರೆ ಎಲ್ಲವೂ ಮುಖದ ಮುಂದೆಯೇ ಏರಿ ಹೋಗುತ್ತದೆ.

ಗ್ಲೌಸ್: ನೈಟ್ರೈಲ್. ತೆಳ್ಳಗಿನ ಲೇಟೆಕ್ಸ್ ಸಾಲದು. ಮುಖ್ಯ ಶತ್ರು ಡೆವಲಪರ್‌ನಲ್ಲಿರುವ ಮೆಟಾಲ್. ಮೊದಲು ಬೆರಳ ಸಂದಿಯಲ್ಲಿ ತುರಿಕೆ, ಆಮೇಲೆ ಸಿಪ್ಪೆ ಏಳುವುದು, ನೀರುಗುಳ್ಳೆ. ದೇಹ ಒಮ್ಮೆ ಅದಕ್ಕೆ ಮುನಿಸಿಕೊಂಡರೆ ಮುಂದೆ ಒಂದು ಹನಿ ತಾಕಿದರೂ ಮತ್ತೆ ಅದೇ. ಆಗ ಮೆಟಾಲ್ ಬದಲು ಫೆನಿಡೋನ್‌ಗೆ ಹೋಗುವುದೊಂದೇ ದಾರಿ, ತೂಕದಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ. ಫೆನಿಡೋನ್ ತಣ್ಣೀರಿನಲ್ಲಿ ಕರಗಲು ಹಟ ಮಾಡುತ್ತದೆ, ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೊದಲು ಕರಗಿಸಿಕೊಳ್ಳಿ. ಪ್ರತಿ ಟ್ರೇಗೆ ಬೇರೆ ಚಿಮಟ, ಬೆರಳು ಅದ್ದುವ ಅಭ್ಯಾಸ ಬೇಡ.

ಪುಡಿ ಬೆರೆಸುವಾಗ ದ್ರಾವಣಕ್ಕಿಂತ ಧೂಳು ಅಪಾಯ. ಫ್ಯಾನ್ ಆಫ್ ಮಾಡಿ, ಮೇಜಿನ ಮೇಲೆ ಒದ್ದೆ ಪೇಪರ್ ಹಾಸಿ, ಎನ್95 ಮಾಸ್ಕ್ ಮತ್ತು ಕನ್ನಡಕ ಹಾಕಿ ತೂಗಿ. ಡಿ-76ಗೆ 52 ಡಿಗ್ರಿಯ 750 ಮಿ.ಲೀ. ನೀರು, ಚಿಟಿಕೆ ಸಲ್ಫೈಟ್, ನಂತರ ಮೆಟಾಲ್ 2 ಗ್ರಾಂ ಪೂರ್ತಿ ಕರಗಬೇಕು, ಆಮೇಲೆ ಉಳಿದ ಸಲ್ಫೈಟ್ (ಒಟ್ಟು 100), ಹೈಡ್ರೋಕ್ವಿನೋನ್ 5, ಬೊರಾಕ್ಸ್ 2, ಕೊನೆಗೆ ನೀರು ಸೇರಿಸಿ ಒಂದು ಲೀಟರ್. ಸಲ್ಫೈಟ್ ಎಲ್ಲವನ್ನೂ ಮೊದಲೇ ಸುರಿದರೆ ಮೆಟಾಲ್ ಕರಗದೆ ಬಿಳಿ ಚೂರಾಗಿ ತೇಲುತ್ತದೆ. ಅದನ್ನು ಬೆರಳಲ್ಲಿ ಒತ್ತಿ ಪುಡಿ ಮಾಡಲು ಹೋದಾಗಲೇ ಚರ್ಮಕ್ಕೆ ತಾಕುವುದು.

ಗ್ಲೇಶಿಯಲ್ ಅಸಿಟಿಕ್ ಆಸಿಡ್ ಬಿಟ್ಟುಬಿಡಿ. ಒಂದು ಲೀಟರ್ ಸ್ಟಾಪ್ ಬಾತ್‌ಗೆ ಬೇಕಾಗುವುದು ಬರೀ 13 ಮಿ.ಲೀ., ಅಷ್ಟಕ್ಕಾಗಿ ಚರ್ಮ ಸುಡುವ, ಬೆಂಕಿ ಹತ್ತುವ ಬಾಟಲಿಯನ್ನು ಬಚ್ಚಲಲ್ಲಿ ಏಕೆ ಇಡಬೇಕು? 16.6 ಡಿಗ್ರಿಗೆ ಅದು ಹೆಪ್ಪುಗಟ್ಟುತ್ತದೆ, ಡಿಸೆಂಬರ್ ಬೆಳಗಿನಲ್ಲಿ ಇಲ್ಲೂ ಆಗುತ್ತದೆ. ಹಾಗಾದರೆ ಮುಚ್ಚಳ ಸಡಿಲಿಸಿ ಉಗುರುಬೆಚ್ಚಗಿನ ನೀರಲ್ಲಿ ನಿಲ್ಲಿಸಿ, ಒಲೆ ಹತ್ತಿರ ಬೇಡ. ಬೆರೆಸುವಾಗ ನೀರಿಗೆ ಆಸಿಡ್, ಆಸಿಡ್‌ಗೆ ನೀರಲ್ಲ. ಇದರ ಬದಲು ಸಿಟ್ರಿಕ್ ಆಸಿಡ್ ಲೀಟರಿಗೆ 15 ಗ್ರಾಂ. ವಾಸನೆಯಿಲ್ಲ, ಕೆಲಸ ಅದೇ. ಏನೇ ಕಣ್ಣಿಗೆ ಬಿದ್ದರೂ 15 ನಿಮಿಷ ಹರಿಯುವ ನೀರು, ಆಮೇಲೆ ಡಾಕ್ಟರ್.

ಜ್ಯೂಸ್, ಕುಡಿಯುವ ನೀರಿನ ಬಾಟಲಿಗಳಲ್ಲಿ ದ್ರಾವಣ ತುಂಬಿಡಬಾರದು ಎಂದು ಬರೆಯುವ ಅಗತ್ಯ ಇರಬಾರದಿತ್ತು. ಆದರೂ ಬರೆಯುತ್ತಿದ್ದೇನೆ. ಹೊಸ ಫಿಕ್ಸರ್ ನೋಡಲು ನೀರಿನಂತೆಯೇ ಇರುತ್ತದೆ.

ಇಂಗುಗುಂಡಿ:

ಟೋನರ್ ಮತ್ತು ಆ ಎರಡು ಡಬ್ಬಗಳ ಬಗ್ಗೆ.

ಸೆಲೆನಿಯಂ ಟೋನರ್ ಅನ್ನು ಎಸೆಯುವ ಪ್ರಶ್ನೆಯೇ ಇಲ್ಲ. 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಹೊರಬಿಡುವ ನೀರಿಗೆ ಸೆಲೆನಿಯಂ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಅದು ಕಾರ್ಖಾನೆಗಳಿಗೆ ಬರೆದದ್ದು, ಆದರೆ ಮನೆಯವರಿಗೂ ಅಳತೆಗೋಲಾಗಿ ಸಾಕು. ಟೋನರ್ ಕೆಡುವುದಿಲ್ಲ, ನಿಧಾನವಾಗುತ್ತದೆ. ಕಾಫಿ ಫಿಲ್ಟರ್ ಪೇಪರಿನಲ್ಲಿ ಕಪ್ಪು ಗಸಿ ಸೋಸಿ, ಸ್ವಲ್ಪ ಹೊಸದು ಸೇರಿಸಿ, ವರ್ಷಗಟ್ಟಲೆ ಬಳಸಿ. ಆ ಪೇಪರ್ ಗಸಿಯ ಸಮೇತ ಅಪಾಯಕಾರಿ ತ್ಯಾಜ್ಯದ ಡಬ್ಬಕ್ಕೆ.

ಡೈಕ್ರೊಮೇಟ್ ಕ್ಯಾನ್ಸರ್‌ಕಾರಕ, ಕಿತ್ತಳೆ ಬಣ್ಣದ ಆರುವೇಲೆನ್ಸಿ ಕ್ರೋಮಿಯಂ. ಡಬ್ಬ ತೆರೆಯಬೇಡಿ. ಪೇಪರ್, ಮರದ ಪುಡಿ, ಬಟ್ಟೆ ಹತ್ತಿರ ಇಡಬೇಡಿ, ಅದು ಬೆಂಕಿಗೆ ಒತ್ತಾಸೆಯಾಗುವ ಆಕ್ಸಿಡೈಸರ್. ಬಳಕೆಯಿಲ್ಲದಿದ್ದರೆ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನವರನ್ನು ಕೇಳಿ, ಅವರಿಗೆ ಟೈಟ್ರೇಷನ್‌ಗೆ ಉಪಯೋಗಕ್ಕೆ ಬರಬಹುದು. ಕರಗಿಸಿದ ಹಳೆಯ ದ್ರಾವಣ ಇದ್ದರೆ ಮಾತ್ರ ಹೀಗೆ ಮಾಡಿ: ಬಯಲಿನಲ್ಲಿ, ಸಿಟ್ರಿಕ್ ಅಲ್ಲ, ಸ್ವಲ್ಪ ದುರ್ಬಲ ಸಲ್ಫ್ಯೂರಿಕ್ ಆಸಿಡ್‌ನಿಂದ ಪಿಎಚ್ 2–3ಕ್ಕೆ ಇಳಿಸಿ (ಸಿಟ್ರಿಕ್ ಇದ್ದರೆ ಕ್ರೋಮಿಯಂ ಅದಕ್ಕೆ ಅಂಟಿಕೊಂಡು ಕೊನೆಗೆ ಕೆಳಗಿಳಿಯುವುದಿಲ್ಲ). 10 ಗ್ರಾಂ ಡೈಕ್ರೊಮೇಟ್‌ಗೆ 15–20 ಗ್ರಾಂ ಸೋಡಿಯಂ ಮೆಟಾಬೈಸಲ್ಫೈಟ್ ಚಿಟಿಕೆ ಚಿಟಿಕೆಯಾಗಿ. ಕಿತ್ತಳೆ ಹೋಗಿ ಹಸಿರಾಗುತ್ತದೆ. ವಾಷಿಂಗ್ ಸೋಡಾ ಹಾಕಿ 8ಕ್ಕೆ ಏರಿಸಿದರೆ ಬೂದುಹಸಿರು ಕೆಸರು ತಳ ಸೇರುತ್ತದೆ. ಅದನ್ನು ಸೋಸಿ ಡಬ್ಬಕ್ಕೆ. ಆಸಿಡ್ ಬಳಸಿ ಅಭ್ಯಾಸವಿಲ್ಲದಿದ್ದರೆ ದ್ರಾವಣವನ್ನೇ ಮುಚ್ಚಿಟ್ಟು ಲ್ಯಾಬಿಗೆ ಒಪ್ಪಿಸುವುದು ಲೇಸು.

ಫೆರಿಸಯನೈಡ್ ಹೆಸರಿಗೆ ಹೆದರಬೇಕಿಲ್ಲ, ಸಯನೈಡ್ ಅದರಲ್ಲಿ ಕಬ್ಬಿಣಕ್ಕೆ ಗಟ್ಟಿಯಾಗಿ ಕಟ್ಟಿಕೊಂಡಿದೆ. ಕಟು ಆಸಿಡ್ ಮತ್ತು ಬಿಸಿ ಎರಡು ಸೇರಿದರೆ ಆ ಕಟ್ಟು ಸಡಿಲಿ ವಿಷಾನಿಲ ಬರುತ್ತದೆ. ಆದ್ದರಿಂದ ಟಾಯ್ಲೆಟ್ ಕ್ಲೀನರ್ ಇರುವ ಶೆಲ್ಫ್ ಅದರ ಜಾಗವಲ್ಲ. ಫಾರ್ಮರ್ಸ್ ರೆಡ್ಯೂಸರ್ (ಫೆರಿಸಯನೈಡ್ ಮತ್ತು ಹೈಪೊ ಸೇರಿದ, ಚಿತ್ರದ ಕಪ್ಪು ತಿಳಿ ಮಾಡುವ ದ್ರಾವಣ) ಮಾಡಿ ಉಳಿದದ್ದನ್ನು ಸ್ಟೀಲ್ ವೂಲ್ ಬಕೆಟ್‌ಗೆ ಹಾಕಬೇಡಿ. ಕಬ್ಬಿಣ ಸೇರಿ ಇಡೀ ಬಕೆಟ್ ಶಾಯಿಯಂತೆ ಗಾಢ ನೀಲಿಯಾಗುತ್ತದೆ. ಅಪಾಯವಿಲ್ಲ, ಆದರೆ ಬೆಳ್ಳಿ ಇಳಿಯಿತೋ ಇಲ್ಲವೋ ಏನೂ ಕಾಣಿಸುವುದಿಲ್ಲ.

ಕೆಂಪುದೀಪ:

ತುಂಬಾ ಉಪಕಾರ ಆಯ್ತು. ಪೇಂಟ್ ಅಂಗಡಿಯ ವೂಲ್ ಹಾಕಿ ಎರಡನೇ ಬಕೆಟ್ ಮುಗಿದಿದೆ. ಉಜ್ಜಿ ಹೊಳಪು ಮಾಡಿದ ತಾಮ್ರದ ವೈರ್ ಅದ್ದಿ ಹತ್ತು ನಿಮಿಷ ಬಿಟ್ಟೆ, ಮೊದಲ ದಿನ ಬೆಳ್ಳಗಾಗಿದ್ದು ಈಗ ಕೆಂಪಾಗೇ ಇದೆ. ಆದರೆ ದ್ರಾವಣ ಕಂದು ಬಣ್ಣ. ಸೋಡಿಯಂ ಸಲ್ಫೈಡ್ ಒಂದು ಹನಿ ಹಾಕಿದರೆ ಕಡು ಕಪ್ಪಾಗುತ್ತೆ. ಬೆಳ್ಳಿ ಇನ್ನೂ ಇದೆಯಾ? ತೆಗೆದ ಕೆಸರನ್ನ ಏನು ಮಾಡೋದು?

ಹೈಪೊಡಬ್ಬ:

ಅಲ್ಲೇ ಎಲ್ಲರೂ ಮೋಸ ಹೋಗೋದು. ಸಲ್ಫೈಡ್ ಹನಿ ಬೆಳ್ಳಿಗೂ ಕಪ್ಪು, ಕಬ್ಬಿಣಕ್ಕೂ ಕಪ್ಪು. ಸ್ಟೀಲ್ ವೂಲ್ ಹಾಕಿದ ಮೇಲೆ ದ್ರಾವಣದ ತುಂಬಾ ಕಬ್ಬಿಣವೇ. ಆ ಪರೀಕ್ಷೆ ವೂಲ್ ಹಾಕೋ ಮುಂಚೆ ಮಾತ್ರ ನಂಬಬೇಕು. ಕಂದು ಬಣ್ಣವೂ ಕಬ್ಬಿಣದ್ದೇ. ತಾಮ್ರದ ವೈರ್ ಕೂಡ ತೀರಾ ಕಡಿಮೆ ಬೆಳ್ಳಿಯನ್ನು ತೋರಿಸಲ್ಲ. ಇದಕ್ಕಿಂತ ಒಳ್ಳೆ ಸುಳಿವು ಎರಡನೇ ಬಕೆಟ್‌ನ ವೂಲ್‌ನಲ್ಲೇ ಇದೆ: ಎಳೆ ಬೂದು–ಕಪ್ಪಾಗಿ ಪುಡಿಯಾಗ್ತಿದ್ದರೆ ಇನ್ನೂ ಬೆಳ್ಳಿ ಇಳೀತಿದೆ, ಮೂರನೇ ಸಲ ಹಾಕಿ. ಎಳೆ ಹಾಗೇ ಉಳಿದು ಬರೀ ತುಕ್ಕಿನ ಕೆಂಪು ಹಿಡಿದಿದ್ದರೆ ಮುಗೀತು.

ಕೆಸರು ಸೋಸಿ, ಎರಡು ಸಲ ನೀರಲ್ಲಿ ತೊಳೆದು, ನೆರಳಲ್ಲಿ ಆರಿಸಿ ಗಾಜಿನ ಸೀಸೆಗೆ ಹಾಕಿಡಿ. ಪೂರ್ತಿ ಸಿಕ್ಕಿದರೂ 24 ಗ್ರಾಂ, ಎರಡು–ಮೂರು ಜೊತೆ ಕಾಲುಂಗುರದಷ್ಟು. ಅದರಲ್ಲೂ ಕಬ್ಬಿಣ, ಸಲ್ಫೈಡ್ ಕಲಬೆರಕೆ. ಮನೆಯಲ್ಲಿ ಬೊರಾಕ್ಸ್ ಹಾಕಿ ಕರಗಿಸೋಕೆ ಹೋಗಬೇಡಿ, ಸಲ್ಫೈಡ್ ಸುಟ್ಟು ಮತ್ತೆ ಅದೇ ಗಂಧಕದ ಹೊಗೆ. ಅಮೋನಿಯಾದಲ್ಲಿ ಕರಗಿಸಿ ಶುದ್ಧ ಮಾಡ್ತೀನಿ ಅನ್ನೋದಂತೂ ತಲೆಗೇ ಬರಬಾರದು. ಬೆಳ್ಳಿ–ಅಮೋನಿಯಾ ದ್ರಾವಣ ಇಟ್ಟಲ್ಲೇ ಸಿಡಿಯೋ ಪುಡಿಯಾಗಬಲ್ಲದು. ನಾಲ್ಕೈದು ವರ್ಷದ್ದು ಸೇರಿದ ಮೇಲೆ ಬೆಳ್ಳಿ ಶುದ್ಧೀಕರಣ ಮಾಡೋರ ಹತ್ತಿರ ತೂಕಕ್ಕೆ ಕೊಡಿ, ಫಿಲ್ಮ್ ಹೈಪೊದಿಂದ ಬಂದದ್ದು ಅಂತ ಮೊದಲೇ ಹೇಳಿ.

ಉಳಿದ ಕಂದು ನೀರು ಫಿಕ್ಸರ್ ಟ್ರೇಗೆ. ಬಕೆಟ್ ತೊಳೆದ ಮೊದಲ ನೀರು ಕೂಡ ಅದೇ ಟ್ರೇಗೆ, ಪಿಟ್‌ಗಲ್ಲ.